ಎ ಸೈಡು ನಿಂದು, ಬಿ ಸೈಡು ನಂದು

ಹೋದ ತಿಂಗಳು ಈ ಅಂಕಣದಲ್ಲಿ ಯಾವುದೋ ಮಾತಿಗೆ ಒಂದು ಸಾಲು ಬರೆದಿದ್ದೆ. ನನಗೆ ಗೊತ್ತಿರುವ ಒಳ್ಳೆಯ ಹಾಡುಗಳಲ್ಲಿ ಅರ್ಧಕ್ಕರ್ಧ ಗೆಳೆಯರು ತುಂಬಿಸಿ ಕೊಟ್ಟ ಕ್ಯಾಸೆಟ್ಟುಗಳಿಂದ ಬಂದವು ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ. ಮಂಡಕ್ಕಿ-ಮೆಣಸಿನಕಾಯಿ ಬಗ್ಗೆ ಬರೆದಾಗಲೂ ಇಷ್ಟು ಬಂದಿರಲಿಲ್ಲ. ಹಾಗಾಗಿ ಈ ಸಲ ಬರೀ ಹಾಡಿನ ವಿಷಯ. ಸೈಟು, ಸಾಲ, ಸೊಂಟ ನೋವಿನ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಡೆದುಕೊಳ್ಳಿ. (ಸೊಂಟ ನೋವಿಗೆ ನನ್ನನ್ನು ಯಾಕೆ ಕೇಳುತ್ತೀರೋ ನನಗಂತೂ ಗೊತ್ತಿಲ್ಲ.)

ಪ್ರಶ್ನೆ: ಸರ್, ನಾವು ಐದು ಜನ ಗೆಳತಿಯರು, ಇಂಜಿನಿಯರಿಂಗ್ ಮೂರನೇ ವರ್ಷ. ಫೋನಿನಲ್ಲಿ ಕೋಟಿಗಟ್ಟಲೆ ಹಾಡಿವೆ ಅಂತಾರೆ. ನನಗೆ ಮಾತ್ರ ಅದೇ ಮೂವತ್ತು ಹಾಡು ತಿರುತಿರುಗಿ ಬರುತ್ತವೆ. ನಿಮ್ಮ ಕಾಲದ ಹಾಗೆ ನಾವೂ ಒಬ್ಬರಿಗೊಬ್ಬರು ಹಾಡು ತುಂಬಿಸಿ ಕೊಡಬೇಕು ಅಂತ ಆಸೆ. ಆದರೆ ಕ್ಯಾಸೆಟ್ಟನ್ನು ನಮ್ಮಲ್ಲಿ ಯಾರೂ ಕೈಯಲ್ಲಿ ಹಿಡಿದಿಲ್ಲ. ಹೇಗೆ ಶುರು ಮಾಡೋದು?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮೊದಲು ಆ ಮೂವತ್ತು ಹಾಡಿನ ಕಥೆ. ಆ್ಯಪ್ ಮಾಡುವುದು ಹೆಚ್ಚುಕಮ್ಮಿ ಇಷ್ಟೇ: ನೀವು ಕೇಳಿದ್ದನ್ನೇ ಕೇಳಿದ ಬೇರೆ ಜನ ಇನ್ನೇನು ಕೇಳಿದರು ಅಂತ ಲೆಕ್ಕ ಹಾಕಿ ಅದನ್ನು ನಿಮ್ಮ ಮುಂದೆ ಇಡುತ್ತದೆ. ಬೆಣ್ಣೆ ದೋಸೆ ತಿಂದವರಿಗೆ ಇನ್ನೊಂದು ಬೆಣ್ಣೆ ದೋಸೆ ಹಾಕಲಾ ಅಂತ ಕೇಳಿದ ಹಾಗೆ. ಬೇಡ ಅನ್ನೋಕೆ ಯಾರಿಗೂ ಬಾಯಿ ಬರುವುದಿಲ್ಲ, ತಿಂದುಬಿಡುತ್ತೇವೆ. ಒಂದು ಹಾಡನ್ನು ಅರ್ಧಕ್ಕೇ ತಳ್ಳಿದರೆ ಇವಳಿಗೆ ಇದು ಇಷ್ಟವಿಲ್ಲ ಅಂತ ಬರೆದುಕೊಳ್ಳುತ್ತದೆ. ನೀವು ಸಿಟಿ ಬಸ್ಸು ಬಂತು ಅಂತ ತಳ್ಳಿದಿರೋ, ನಿಜವಾಗಿ ಬೇಜಾರಾಗಿತ್ತೋ, ಅದಕ್ಕೇನು ಗೊತ್ತು? "ಇದು ನಿನಗೆ ಮೊದಲ ಸಲಕ್ಕೆ ಹಿಡಿಸಲ್ಲ, ಆದರೂ ಕೇಳು" ಅಂತ ಹೇಳುವ ಧೈರ್ಯ ಅದಕ್ಕಿಲ್ಲ. ಗೆಳತಿಗಿದೆ.

ನನ್ನದೇ ಕಥೆ ಹೇಳುತ್ತೇನೆ. 1986ರಲ್ಲಿ ನಾನು ಕಾಲೇಜಿಗೆ ಅಂತ ದಾವಣಗೆರೆಗೆ ಬಂದಾಗ ಪಿ.ಜೆ. ಬಡಾವಣೆಯ ಒಂದು ಮನೆಯ ಹಿಂದುಗಡೆ ರೂಮಿನಲ್ಲಿ ನಾವು ಮೂವರು. ಮಾವ ದುಬೈನಿಂದ ತಂದ ಟೂ-ಇನ್-ಒನ್, ಅಂದರೆ ರೇಡಿಯೋ, ಕ್ಯಾಸೆಟ್ ಎರಡೂ ಇರುವ ಸೆಟ್ಟು, ನನ್ನ ಹತ್ತಿರ ಇತ್ತು. ಸೆಟ್ಟು ಯಾರದೋ ದರ್ಬಾರು ಅವರದು ಅಲ್ವಾ, ರೂಮಿನಲ್ಲಿ ಬರೀ ನನ್ನ ಹಾಡೇ. ನನ್ನ ಹಾಡು ಅಂದರೆ ಸಿನಿಮಾ ಹಾಡು, ಅದೂ ಆ ವರ್ಷ ಊರಲ್ಲಿ ಓಡಿದ ಸಿನಿಮಾದ್ದು. ಒಂದು ಚೀಟಿಯಲ್ಲಿ ಪಟ್ಟಿ ಬರೆದು ಖಾಲಿ ಕ್ಯಾಸೆಟ್ ಜೊತೆ ಪೇಟೆಯ ಅಂಗಡಿಗೆ ಕೊಟ್ಟರೆ ನಾಲ್ಕು ದಿನಕ್ಕೆ ತುಂಬಿಸಿ ಕೊಡುತ್ತಿದ್ದರು, ಹಾಡಿಗಿಷ್ಟು ಅಂತ. ಪಟ್ಟಿಯಲ್ಲಿ ಇರುತ್ತಿದ್ದದ್ದು ನನಗೆ ಆಗಲೇ ಗೊತ್ತಿದ್ದ ಹಾಡು. ಅಂದರೆ ದುಡ್ಡು ಕೊಟ್ಟು ನಾನೂ ನಿಮ್ಮ ಆ್ಯಪ್ ಮಾಡುವ ಕೆಲಸವನ್ನೇ ಮಾಡಿಸುತ್ತಿದ್ದೆ.

ರೂಮಿನಲ್ಲಿದ್ದ ಇನ್ನೊಬ್ಬ ಹಿರಿಯೂರು ಕಡೆಯವನು. ದಸರಾ ರಜೆಗೆ ಊರಿಗೆ ಹೋಗುವಾಗ ನನ್ನ ಸೆಟ್ಟನ್ನು ಕೇಳಿ ತಗೊಂಡು ಹೋದ. ವಾಪಸ್ ಬಂದವನ ಕೈಯಲ್ಲಿ ಸೆಟ್ಟಿನ ಜೊತೆ ಒಂದು ಸಿ-90 ಕ್ಯಾಸೆಟ್, ಅಂದರೆ ಎರಡೂ ಸೈಡು ಸೇರಿ ತೊಂಬತ್ತು ನಿಮಿಷದ್ದು. "ಎ ಸೈಡು ನಿಂದು, ಬಿ ಸೈಡು ನಂದು ಕಣಲೇ, ಎರಡೂ ಕೇಳಬೇಕು" ಅಂದ. ಎ ಸೈಡಿನಲ್ಲಿ ನನಗಿಷ್ಟದ ಸಿನಿಮಾ ಹಾಡು, ಯಾರದೋ ಮನೆಯ ಡಬಲ್ ಡೆಕ್ಕಿನಲ್ಲಿ (ಎರಡು ಕ್ಯಾಸೆಟ್ ಹಾಕುವ ಸೆಟ್ಟು) ಅಚ್ಚುಕಟ್ಟಾಗಿ ತುಂಬಿಸಿದ್ದು. ಬಿ ಸೈಡು ಹಾಕಿದರೆ ಮೊದಲು ರೇಡಿಯೋದಿಂದ ಹಿಡಿದ ಒಂದು ತತ್ವಪದ, ಶುರುವಿನಲ್ಲಿ ಉದ್ಘೋಷಕಿಯ ಅರ್ಧ ಮಾತು. ಆಮೇಲೆ ಮಲ್ಲಿಕಾರ್ಜುನ ಮನ್ಸೂರರ ವಚನ. ಆಮೇಲೆ ಗಣೆ.

ಗಣೆ ಅಂದರೆ ಗೊತ್ತಾ? ನಮ್ಮ ಚಿತ್ರದುರ್ಗ ಸೀಮೆಯ ಕಾಡುಗೊಲ್ಲರು ಊದುವ ಉದ್ದನೆಯ ಬಿದಿರಿನ ಕೊಳಲು. ಅವರ ದೇವರು ಜುಂಜಪ್ಪನ ಕಥೆ ಹಾಡುವಾಗ ಅದು ಜೊತೆಗಿರಲೇಬೇಕು. ಇವನು ತನ್ನ ಊರಿನ ಪಕ್ಕದ ಗೊಲ್ಲರಹಟ್ಟಿಗೆ ಸೆಟ್ಟು ಹೊತ್ತುಕೊಂಡು ಹೋಗಿ, ನೆಲದ ಮೇಲಿಟ್ಟು, ಅದರಲ್ಲೇ ಇದ್ದ ಮೈಕಿನಿಂದ ರೆಕಾರ್ಡ್ ಮಾಡಿದ್ದ. ಕೇಳುತ್ತಿದ್ದದ್ದು ಏನು? ಒಂದಿಷ್ಟು ಗಾಳಿ, ಒಂದಿಷ್ಟು ಆಡು, ಯಾರೋ ಕೆಮ್ಮಿದ್ದು, ಅದರ ನಡುವೆ ಎಲ್ಲೋ ದೂರದಿಂದ ಬಂದ ಹಾಗೆ ಆ ಕೊಳಲು. ಕೊನೆಗೆ ಸೆಲ್ಲು ಇಳಿದಿದೆ. ಸೆಲ್ಲು ಇಳಿದಾಗ ರೆಕಾರ್ಡ್ ಮಾಡುವ ಸೆಟ್ಟು ನಿಧಾನಕ್ಕೆ ತಿರುಗುತ್ತದೆ, ಅದನ್ನೇ ಕರೆಂಟಿನಲ್ಲಿ ಸರಿಯಾದ ವೇಗಕ್ಕೆ ಹಾಕಿದರೆ ಎಲ್ಲ ಬೇಗ ಬೇಗ, ಸ್ವರವೂ ಮೇಲೆ. ಹಾಗಾಗಿ ಕೊನೆಯ ಐದು ನಿಮಿಷ ಗಣೆ ಹೋಗಿ ಜಾತ್ರೆಯ ಪೀಪಿ ಆಗಿತ್ತು.

"ಇದೇನಲೇ ಇದು?" ಅಂದೆ. "ಸುಮ್ನೆ ಕೇಳು" ಅಂದ.

ಸಿ-90ಯಲ್ಲಿ ಒಂದು ಹಾಡು ದಾಟಿಸಿ ಮುಂದಿನದಕ್ಕೆ ಹೋಗಬೇಕೆಂದರೆ ಫಾರ್ವರ್ಡ್ ಒತ್ತು, ನಿಲ್ಲಿಸು, ನೋಡು, ಜಾಸ್ತಿ ಹೋಯಿತಾ, ಹಿಂದಕ್ಕೆ ತಾ. ಅಷ್ಟು ಮಾಡುವ ಹೊತ್ತಿಗೆ ಹಾಡೇ ಮುಗಿದಿರುತ್ತದೆ. ಸೋಮಾರಿತನಕ್ಕೆ ಬಿಟ್ಟೆ, ಓಡಿತು. ಬಟ್ಟೆ ಒಗೆಯುವಾಗ ಓಡಿತು, ಅನ್ನಕ್ಕಿಟ್ಟಾಗ ಓಡಿತು. ನಾಲ್ಕನೇ ಸಲವೋ ಐದನೇ ಸಲವೋ, ಮನ್ಸೂರರ ವಚನ ಮುಗಿದು ಗಣೆ ಶುರುವಾಗುವ ಮುಂಚಿನ ಆ ಒಂದೆರಡು ಸೆಕೆಂಡಿನ ಖಾಲಿಯಲ್ಲಿ ನಾನು ಕಾಯುತ್ತಿದ್ದೇನೆ ಅಂತ ನನಗೇ ಗೊತ್ತಾಯಿತು. ಮುಂದೆ ಮನ್ಸೂರರ ಖ್ಯಾಲ್ (ಹಿಂದೂಸ್ತಾನಿ ಗಾಯನದ ಒಂದು ಬಗೆ) ಹುಡುಕಿಕೊಂಡು ಹೋಗಿದ್ದು, ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಜನಪದ ಹಾಡುಗಾರ್ತಿ ಸಿರಿಯಜ್ಜಿಯ ಪದ ಕೇಳಿದ್ದು, ಎಲ್ಲ ಆ ಬಿ ಸೈಡಿನಿಂದ. ನನ್ನ ಪಟ್ಟಿಯ ಪ್ರಕಾರವೇ ನಡೆದಿದ್ದರೆ ಈ ಯಾವುದೂ ನನ್ನ ಹತ್ತಿರ ಬರುತ್ತಿರಲಿಲ್ಲ.

ಈಗ ನಿಮ್ಮ ಐದು ಜನದ ವಿಷಯ. ಕ್ಯಾಸೆಟ್ ಬೇಕಾಗಿಲ್ಲ, ಆದರೆ ಅದರ ಕಟ್ಟುಪಾಡು ಬೇಕು. ಒಂದು ಸೈಡು 45 ನಿಮಿಷ, ಒಂದು ಸೆಕೆಂಡೂ ಜಾಸ್ತಿ ಇಲ್ಲ. ನಾಲ್ಕೂವರೆ ನಿಮಿಷದ ಹಾಡಾದರೆ ಹತ್ತು ಹಿಡಿಸುತ್ತವೆ. ನೂರು ಹಾಡಿನ ಪ್ಲೇಲಿಸ್ಟ್ ಕಳಿಸುವುದು ಗೆಳತಿಗೆ ಮೂಟೆ ಅಕ್ಕಿ ತಲೆ ಮೇಲೆ ಹೊರಿಸಿ ಅಡುಗೆ ಮಾಡಿಕೋ ಅಂದ ಹಾಗೆ. ಹತ್ತೇ ಹಾಡು ಅಂದಾಗ ನಿಮಗೇ ಸಂಕಟ ಶುರುವಾಗುತ್ತದೆ, ಇದನ್ನು ಬಿಡಲಾ ಅದನ್ನು ಬಿಡಲಾ ಅಂತ. ಆ ಸಂಕಟ ಪಡಿ.

ಐದು ಚೀಟಿ ಮಾಡಿ ಹೆಸರು ಬರೆದು ಎತ್ತಿ. ಯಾರ ಹೆಸರು ಬಂತೋ ಅವಳೊಬ್ಬಳಿಗೆ ಮಾತ್ರ ಮಾಡಿ. ಗುಂಪಿಗೆ ಅಂತ ಮಾಡಿದರೆ ಅದು ಮದುವೆ ಮನೆ ಆರ್ಕೆಸ್ಟ್ರಾ ಆಗುತ್ತದೆ, ಯಾರಿಗೂ ಬೇಜಾರಾಗಬಾರದು ಅಂತ ಎಲ್ಲರಿಗೂ ಗೊತ್ತಿರುವುದನ್ನೇ ಹಾಕುತ್ತೀರಿ. ಮೊದಲ ಎರಡು ಹಾಡು ಅವಳಿಗೆ ಗೊತ್ತಿರುವ ಜಾಗದಿಂದಲೇ ಹೊರಡಲಿ. ಅಲ್ಲಿಂದ ಒಂದು ಎಳೆ ಹಿಡಿದು ಹೋಗಿ. ಅವಳಿಗೆ ರಾಜ್‌ಕುಮಾರ್ ಹಾಡು ಇಷ್ಟವಾ? ಜಿ.ಕೆ. ವೆಂಕಟೇಶ್ ಸಂಗೀತದ್ದು ಒಂದು ಹಾಕಿ. ಅವರ ಕೈಕೆಳಗೆ ಸಹಾಯಕರಾಗಿ ಕೆಲಸ ಮಾಡಿದವರು ಇಳಯರಾಜಾ. ಅಲ್ಲಿಂದ ಒಂದು ತಮಿಳು ಹಾಡಿಗೆ ದಾಟಿದರೆ ಅವಳಿಗೆ ದಾಟಿದ್ದೇ ಗೊತ್ತಾಗುವುದಿಲ್ಲ. ಶಾಸ್ತ್ರೀಯ ಅಂದರೆ ಓಡುವವಳಿಗೆ ಮುಕ್ಕಾಲು ಗಂಟೆಯ ಖ್ಯಾಲ್ ಕೊಟ್ಟು ಹೆದರಿಸಬೇಡಿ. ಮನ್ಸೂರರ ಬಾಯಲ್ಲಿ ವಚನ, ಭೀಮಸೇನ ಜೋಶಿಯವರ ಬಾಯಲ್ಲಿ ದಾಸರ ಪದ, ಹೀಗೆ ಹೋಗಿ. ಮಾತು ಚಿಕ್ಕಂದಿನಿಂದ ಕೇಳಿದ್ದೇ, ಹಾಡುವ ರೀತಿ ಮಾತ್ರ ಹೊಸದು. ನಿಮ್ಮ ಐವರಲ್ಲಿ ಮನೆಯಲ್ಲಿ ಉರ್ದುವೋ ತೆಲುಗೋ ಲಂಬಾಣಿಯೋ ಮಾತಾಡುವವರು ಇದ್ದೇ ಇರುತ್ತಾರೆ, ದಾವಣಗೆರೆ ಅಲ್ವಾ. ಅವಳ ಅಜ್ಜಿ ಹಾಡುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೊನೆಗೆ ಸೇರಿಸಿದರೆ ಯಾವ ಆ್ಯಪ್ಪಿಗೂ ಸಿಗದ ಹಾಡು ನಿಮ್ಮ ಹತ್ತಿರ ಇರುತ್ತದೆ.

ಕೇಳುವವಳಿಗೂ ಕಟ್ಟುಪಾಡು ಇದೆ. ಷಫಲ್ ಬಂದ್. ಹಾಡು ಮುಗಿದ ಮೇಲೆ ಆ್ಯಪ್ ತಾನೇ ಏನೋ ಹಚ್ಚುತ್ತದಲ್ಲ, ಆ ಆಟೋಪ್ಲೇ ಕೂಡ ಬಂದ್. 45 ನಿಮಿಷ ಆದ ಮೇಲೆ ಸದ್ದು ನಿಲ್ಲಲಿ. ಕುಂದವಾಡ ಕೆರೆಯ ಏರಿ ಮೇಲೆ ನಡೆಯುತ್ತಾ ಕೇಳಿ, ಫೋನು ಜೇಬಿನಲ್ಲೇ ಇರಲಿ. ಮೂರು ಸಲ ಪೂರ್ತಿ ಕೇಳುವವರೆಗೆ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಒಂದೂ ಮೆಸೇಜು ಹಾಕುವ ಹಾಗಿಲ್ಲ. ಕೊಡುವವಳೂ ಅಷ್ಟೇ. ಹಾಡಿನ ಜೊತೆ ವಿವರಣೆ ಕಳಿಸಬೇಡಿ. ಹಾಡಿನ ಹೆಸರು, ಹಾಡಿದವರು, ಇಷ್ಟನ್ನು ಒಂದು ಹಾಳೆಯಲ್ಲಿ ಕೈಯಿಂದ ಬರೆದು ಕೊಡಿ. ಒಬ್ಬಳ ಫೋನಿನಲ್ಲಿ ಒಂದು ಆ್ಯಪ್, ಇನ್ನೊಬ್ಬಳ ಫೋನಿನಲ್ಲಿ ಇನ್ನೊಂದು ಇದ್ದರೆ ಆ ಹಾಳೆಯೇ ಕ್ಯಾಸೆಟ್ಟು, ಅವಳೇ ಹುಡುಕಿ ಜೋಡಿಸಿಕೊಳ್ಳಲಿ.

ಪ್ರಶ್ನೆ: ಮಾನ್ಯರೇ, ಅಟ್ಟ ಸ್ವಚ್ಛ ಮಾಡುವಾಗ ನನ್ನ ಹಳೆಯ ಕ್ಯಾಸೆಟ್ಟುಗಳ ಡಬ್ಬ ಸಿಕ್ಕಿತು. ನಲವತ್ತರ ಹತ್ತಿರ ಇವೆ, ಎಲ್ಲ ಗೆಳೆಯರು ಮತ್ತು ನಾನು ಅದಲುಬದಲು ಮಾಡಿಕೊಂಡವು. ಕೆಲವಕ್ಕೆ ಬೂಷ್ಟು ಬಂದಿದೆ. ಇವನ್ನು ಪೆನ್‌ಡ್ರೈವಿಗೆ ಹಾಕುವುದು ಹೇಗೆ? ಇನ್ನೊಂದು ವಿಚಿತ್ರ. ಒಂದು ಕ್ಯಾಸೆಟ್ಟಿನಲ್ಲಿ ಹಾಡು ಶುರುವಾಗುವ ಸ್ವಲ್ಪ ಮುಂಚೆ ಅದೇ ಹಾಡು ಸಣ್ಣಗೆ, ದೂರದಲ್ಲಿ ಕೇಳಿಸುತ್ತದೆ. ಮೊಮ್ಮಗ ದೆವ್ವ ಅನ್ನುತ್ತಾನೆ!
— ನಿವೃತ್ತ ಮೇಷ್ಟ್ರು, ಹರಿಹರ

ಉತ್ತರ: ಮೇಷ್ಟ್ರೇ, ದೆವ್ವ ಅಲ್ಲ, ಅಯಸ್ಕಾಂತ. ರೀಲಿನ ಮೇಲೆ ಕಂದು ಬಣ್ಣ ಇದೆಯಲ್ಲ, ಅದು ಕಬ್ಬಿಣದ ಆಕ್ಸೈಡ್ ಪುಡಿ, ಹಾಡು ಅದರಲ್ಲಿ ಅಯಸ್ಕಾಂತದ ಗುರುತಾಗಿ ಕೂತಿರುತ್ತದೆ. ವರ್ಷಗಟ್ಟಲೆ ಸುತ್ತಿಟ್ಟಾಗ ಒಂದು ಸುತ್ತಿನ ಗುರುತು ಅಂಟಿಕೊಂಡ ಮೇಲಿನ ಸುತ್ತಿಗೂ ಕೆಳಗಿನ ಸುತ್ತಿಗೂ ಸ್ವಲ್ಪ ಇಳಿಯುತ್ತದೆ. ಹಸಿ ಶಾಯಿಯ ಪುಟ ಮಡಚಿದರೆ ಎದುರು ಪುಟಕ್ಕೆ ಅಂಟುವುದಿಲ್ಲವಾ, ಹಾಗೆ. ಹಾಡಿನ ನಡುವೆ ಇದು ಕಿವಿಗೆ ಬೀಳುವುದಿಲ್ಲ. ಶುರುವಿನ ಮುಂಚೆ ನಿಶ್ಶಬ್ದ ಇರುವುದರಿಂದ ಸಿಕ್ಕಿಬೀಳುತ್ತದೆ. ರೀಲು ತೆಳ್ಳಗಿದ್ದಷ್ಟೂ ಜಾಸ್ತಿ. ಸಿ-60ಯ ರೀಲು ಸುಮಾರು 18 ಮೈಕ್ರಾನ್ ದಪ್ಪ, ಸಿ-90 ಸುಮಾರು 12, ಸಿ-120 ಬರೀ 9. ನಿಮ್ಮ ದೆವ್ವ ಇರುವುದು 90ರಲ್ಲೋ 120ರಲ್ಲೋ ಇರಬೇಕು, ನೋಡಿ ಹೇಳಿ. ಹಾಕುವ ಮುಂಚೆ ಎರಡು-ಮೂರು ಸಲ ಆ ಕಡೆ ಈ ಕಡೆ ಪೂರ್ತಿ ಸುತ್ತಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ. ಇರಲಿ ಬಿಡಿ.

ಈಗ ಕೆಲಸ. ಎಲ್ಲಕ್ಕಿಂತ ಮೊದಲು, ಕ್ಯಾಸೆಟ್ಟಿನ ಬೆನ್ನಿಗೆ ಎರಡು ಮೂಲೆಯಲ್ಲಿ ಇರುವ ಪುಟ್ಟ ಪ್ಲಾಸ್ಟಿಕ್ ಚಿಪ್ಪನ್ನು ಮುರಿದುಹಾಕಿ. ಅದು ಇಲ್ಲದಿದ್ದರೆ ಸೆಟ್ಟಿನ ರೆಕಾರ್ಡ್ ಗುಂಡಿ ಕೆಳಗೆ ಇಳಿಯುವುದಿಲ್ಲ. ಇದನ್ನು ಮಾಡದೆ ನಾನು ಒಂದು ಮದುವೆಯ ಸೋಬಾನೆ ಪದಗಳ ಕ್ಯಾಸೆಟ್ಟಿನಲ್ಲಿ ಮೂರು ನಿಮಿಷ ನನ್ನ ಮನೆಯ ಮಿಕ್ಸಿಯ ಸದ್ದು ತುಂಬಿಸಿದ್ದೇನೆ, ಅದರ ಹೊಟ್ಟೆಯುರಿ ಇನ್ನೂ ಇದೆ.

ಬೂಷ್ಟು ಬಂದವನ್ನು ಬೇರೆ ಇಡಿ. ಅವನ್ನು ಹಾಗೇ ಹಾಕಿದರೆ ಸೆಟ್ಟಿನಲ್ಲಿ ರೀಲನ್ನು ಓದುವ ಹೆಡ್ಡಿಗೆ ಅಂಟಿ ಅಲ್ಲಿಂದ ಒಳ್ಳೆಯ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಉಳಿದವನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ. ಬಾಯಿಯ ಹತ್ತಿರ ರೀಲಿನ ಹಿಂದೆ ಒಂದು ಸಣ್ಣ ಉಣ್ಣೆಯ ತುಣುಕು ಇರುತ್ತದೆ, ರೀಲನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದು. ಗೋಂದು ಒಣಗಿ ಅದು ಬಿದ್ದಿದ್ದರೆ ಹಾಡು ಮಂಕಾಗಿ ಬಂದು ಬಂದು ಹೋಗುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಸುಲಭ. ಐದು ಸ್ಕ್ರೂ ಬಿಚ್ಚಿ, ಎರಡು ಚಕ್ರವನ್ನೂ ರೀಲಿನ ಸಮೇತ ಎತ್ತಿ, ಒಳ್ಳೆಯ ಇನ್ನೊಂದು ಕ್ಯಾಸೆಟ್ಟಿನ ಖಾಲಿ ಡಬ್ಬಿಗೆ ಕೂರಿಸಿ. ಟೇಬಲ್ ಮೇಲೆ ಬಿಳಿ ಪಂಚೆ ಹಾಸಿಕೊಂಡು ಮಾಡಿ, ಉರುಳಿದ ಸ್ಕ್ರೂ ಸಿಗುತ್ತದೆ. ಸಡಿಲಾದ ರೀಲನ್ನು ಬಿಗಿ ಮಾಡೋಕೆ ಆರು ಮೂಲೆಯ ಪೆನ್ಸಿಲ್ಲು, ಅದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಸೆಟ್ಟಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಆರಲಿ. ಪಕ್ಕದ ರಬ್ಬರ್ ಉರುಳೆಗೆ ಆಲ್ಕೋಹಾಲ್ ಬೇಡ, ಒದ್ದೆ ಬಟ್ಟೆ ಸಾಕು. ಆಮೇಲೆ ಸೆಟ್ಟಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಎರಡೂ ಕಡೆ ಪಿನ್ ಇರುವ ವೈರು, ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನುವ ಪುಕ್ಕಟೆ ಸಾಫ್ಟ್‌ವೇರ್. ಲ್ಯಾಪ್‌ಟಾಪಿನಲ್ಲಿ ಬರೀ ಮೈಕಿನ ತೂತು ಇದ್ದರೆ ಯುಎಸ್‌ಬಿಗೆ ಚುಚ್ಚುವ ಸಣ್ಣ ಸೌಂಡ್ ಕಾರ್ಡ್ ತಗೊಳ್ಳಿ. ಸೆಟ್ಟಿನ ವಾಲ್ಯೂಮ್ ಅರ್ಧಕ್ಕಿಂತ ಮೇಲೆ ಬೇಡ. ಒಂದು ಸೈಡನ್ನು ಒಂದೇ ಏಟಿಗೆ ಓಡಿಸಿ, ನಡುವೆ ನಿಲ್ಲಿಸಬೇಡಿ, ಹಾಡು ತುಂಡು ಮಾಡುವುದು ಆಮೇಲೆ. ಮೊದಲು ವೇವ್ ಫೈಲಾಗಿ ಉಳಿಸಿ. ಸಿ.ಡಿ. ಗುಣಮಟ್ಟದಲ್ಲಿ ನಿಮಿಷಕ್ಕೆ ಹತ್ತು ಎಂ.ಬಿ.ಗಿಂತ ಸ್ವಲ್ಪ ಜಾಸ್ತಿ, ಅಂದರೆ ಒಂದು ಸಿ-90ಗೆ ಸುಮಾರು 950 ಎಂ.ಬಿ. ನಲವತ್ತಕ್ಕೂ ಸೇರಿ 64 ಜಿ.ಬಿ. ಪೆನ್‌ಡ್ರೈವ್ ಸಾಕು. ಗೆಳೆಯರಿಗೆ ಹಂಚೋಕೆ ಎಂಪಿ3 ಮಾಡಿಕೊಳ್ಳಿ. 320 ಕೆಬಿಪಿಎಸ್ ಇಟ್ಟರೂ ಒಂದು ಕ್ಯಾಸೆಟ್ಟು ಸುಮಾರು 216 ಎಂ.ಬಿ.ಯಲ್ಲಿ ಮುಗಿಯುತ್ತದೆ.

ಒಂದು ಬೇಡಿಕೆ. "ಸ್ವಚ್ಛ" ಮಾಡುತ್ತೇನೆ ಅಂತ ಹೋಗಿ ರೇಡಿಯೋ ಉದ್ಘೋಷಕರ ಮಾತು, ಹಾಡಿನ ಕೊನೆಯ ಕಟಕ್ ಸದ್ದು, ಇವನ್ನೆಲ್ಲ ಅಳಿಸಬೇಡಿ. ಆ ಹಾಡು ಎಲ್ಲಾದರೂ ಸಿಗುತ್ತದೆ. ಭದ್ರಾವತಿ ಆಕಾಶವಾಣಿಯ ಅವತ್ತಿನ ಸಂಜೆ ಎಲ್ಲೂ ಸಿಗುವುದಿಲ್ಲ.

ಪ್ರಶ್ನೆ: ಗೆಳೆಯ ತುಂಬಾ ಪ್ರೀತಿಯಿಂದ ಹಾಡಿನ ಪಟ್ಟಿ ಕಳಿಸಿದ್ದಾನೆ. ಕೇಳಿದೆ, ಒಂದೂ ಹಿಡಿಸಲಿಲ್ಲ. ಏನು ಹೇಳಲಿ?
— ಚಳ್ಳಕೆರೆ

ಉತ್ತರ: ಎಷ್ಟು ಸಲ ಕೇಳಿದಿರಿ ಅಂತ ಬರೆದಿಲ್ಲ. ಒಂದೇ ಸಲ ಆಗಿದ್ದರೆ ಇನ್ನೆರಡು ಸಲ ಕೇಳಿ. ಆಗಲೂ ಹಿಡಿಸದಿದ್ದರೆ ಸೂಪರ್ ಅಂತ ಮಾತ್ರ ಹೇಳಬೇಡಿ, ಮುಂದಿನ ತಿಂಗಳು ಅದೇ ಥರದ್ದು ಇನ್ನೂ ಇಪ್ಪತ್ತು ಬರುತ್ತವೆ. "ಆರನೆಯದರಲ್ಲಿ ಆ ತಬಲಾ ಏನದು?" ಅಂತ ಯಾವುದಾದರೂ ಒಂದನ್ನು ಹಿಡಿದು ಕೇಳಿ. ಅವನು ಅರ್ಧ ಗಂಟೆ ಮಾತಾಡುತ್ತಾನೆ. ಆ ಅರ್ಧ ಗಂಟೆ ಆದ ಮೇಲೆ ಆರನೆಯ ಹಾಡು ಮತ್ತೆ ಹಾಕಿ ನೋಡಿ.

ಪ್ರಶ್ನೆ: ಕ್ಯಾಸೆಟ್ ಕಂಡುಹಿಡಿದವರು ಯಾರು? ಜಪಾನಿನವರಾ?
— ಹೈಸ್ಕೂಲ್ ವಿದ್ಯಾರ್ಥಿ, ಹೊಳಲ್ಕೆರೆ

ಉತ್ತರ: ಅಲ್ಲಪ್ಪ. ಫಿಲಿಪ್ಸ್ ಕಂಪನಿಯ ಲೌ ಓಟನ್ಸ್ ಅನ್ನುವ ಡಚ್ ಇಂಜಿನಿಯರ್ ಮತ್ತು ಅವರ ತಂಡ, 1963ರಲ್ಲಿ. ದೊಡ್ಡ ಚಕ್ರದ ರೀಲು ಸೆಟ್ಟಿಗೆ ಸುತ್ತಿ ಸುತ್ತಿ ಸಾಕಾಗಿತ್ತಂತೆ. ಕೋಟಿನ ಜೇಬಿಗೆ ಹಿಡಿಸುವಷ್ಟು ಒಂದು ಮರದ ತುಂಡು ಕತ್ತರಿಸಿಕೊಂಡು, ಸೆಟ್ಟು ಇಷ್ಟೇ ಇರಬೇಕು ಅಂತ ಹಟ ಹಿಡಿದರು. 2021ರಲ್ಲಿ ತೀರಿಕೊಂಡರು. ಜಪಾನಿನ ಪಾಲೂ ಇದೆ. ಸೋನಿಯವರ ವಾಕ್‌ಮನ್, ಅಂದರೆ ನಡೆಯುತ್ತಾ ಕ್ಯಾಸೆಟ್ ಕೇಳುವ ಪುಟ್ಟ ಸೆಟ್ಟು, ಬಂದದ್ದು 1979ರಲ್ಲಿ.

ಪ್ರಶ್ನೆ: ನಾನು ಭಾವಗೀತೆ ಕ್ಯಾಸೆಟ್ಟಿನ ಕಾಲದವಳು. ಪಿಯುಸಿ ಓದುವ ಮಗ ಇಡೀ ದಿನ ಧಡಬಡ ಅನ್ನುವ ಹಾಡು ಹಾಕುತ್ತಾನೆ. ಮಾತೇ ಅರ್ಥವಾಗುವುದಿಲ್ಲ. ಅವನಿಗೆ ಒಳ್ಳೆಯ ಸಂಗೀತದ ರುಚಿ ಹತ್ತಿಸುವುದು ಹೇಗೆ?
— ಗೃಹಿಣಿ, ಚಿತ್ರದುರ್ಗ

ಉತ್ತರ: ಅಕ್ಕಾ, ನಿಮ್ಮ ಮಗನ ವಯಸ್ಸಿನವರು ನನಗೂ ಪತ್ರ ಬರೆಯುತ್ತಾರೆ: "ಅಮ್ಮ ಬೆಳಗ್ಗೆ ಎದ್ದರೆ ಒಂದೇ ಥರ ಅಳೋ ಹಾಡು ಹಾಕ್ತಾರೆ" ಅಂತ. ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಹಾಡೂ ಒಂದು ಕಾಲಕ್ಕೆ ಹೊಸ ಸದ್ದೇ ಆಗಿತ್ತು. ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ ಅಂತ ಹೆಸರಾದ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಬಂದದ್ದು 1978ರಲ್ಲಿ. ಪುಸ್ತಕದಲ್ಲಿದ್ದ ಪದ್ಯ ಅಡುಗೆಮನೆಗೆ ಬಂದದ್ದು ಈ ಪ್ಲಾಸ್ಟಿಕ್ ಡಬ್ಬಿಯಿಂದ. ಪದ್ಯವನ್ನು ಹಾರ್ಮೋನಿಯಂ ಹಿಡಿದು ಹಾಡಿ ಕೆಡಿಸಬೇಡಿ ಅಂತ ಮುಖ ಗಂಟಿಕ್ಕಿದ ಒಬ್ಬ ಮೇಷ್ಟ್ರನ್ನು ನಾನೇ ನೋಡಿದ್ದೇನೆ.

ಹತ್ತಿಸುವ ಮಾತು ಬಿಡಿ, ಅದಲುಬದಲು ಮಾಡಿಕೊಳ್ಳಿ. ಮೊದಲು ಅವನದು. "ನಿನಗಿಷ್ಟದ ಐದು ಹಾಡು ಹಾಕಿಕೊಡು, ಮಲ್ಲಿಗೆ ಕಟ್ಟುವಾಗ ಕೇಳುತ್ತೇನೆ" ಅನ್ನಿ. ಬಯ್ಯದೆ ಕೇಳಿ, ಮಾತು ಅರ್ಥವಾಗದಿದ್ದರೆ ಅವನನ್ನೇ ಕೇಳಿ. ರ‍್ಯಾಪ್ ಹಾಡಿನ ಮಾತು ಬಿಡಿಸಿ ಹೇಳುವಾಗ ಹುಡುಗರ ಮುಖ ನೋಡಬೇಕು, ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಬಂದ ಹಾಗಿರುತ್ತದೆ. ಆಮೇಲೆ ನಿಮ್ಮ ಐದು. ಐದೇ. ಅದರಲ್ಲಿ ತಾಳ ಜೋರಾಗಿರುವ ಶರೀಫರ ಪದ ಒಂದಿರಲಿ. ಕೋಟೆ ನೋಡೋಕೆ ನೆಂಟರು ಬಂದರೆ ಒನಕೆ ಓಬವ್ವನ ಕಿಂಡಿ ಕಡೆಗೇ ಮೊದಲು ಓಡುತ್ತೀರಲ್ಲ, ಹಾಗೆ. ಉಳಿದ ಸುತ್ತು ಆಮೇಲೆ ನಿಧಾನಕ್ಕೆ.

ಪ್ರಶ್ನೆ: ಹೀಗೆ ಹಾಡು ಕಾಪಿ ಮಾಡಿ ಕೊಡೋದು ಕಳ್ಳತನ ಅಲ್ವಾ?
— ವಕೀಲಿ ಓದುತ್ತಿರುವವ, ದಾವಣಗೆರೆ

ಉತ್ತರ: ಓದುತ್ತಿರುವವರು ನೀವು, ಕೇಳುತ್ತಿರುವುದು ನನ್ನನ್ನು! 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ತೆಗೆಯಿರಿ, ಖಾಸಗಿ ಬಳಕೆಗೆ ಅದು ಎಷ್ಟು ಜಾಗ ಬಿಟ್ಟಿದೆ ಅಂತ ಗೊತ್ತಾಗುತ್ತದೆ. ತುಂಬಿಸಿದ್ದನ್ನು ಮಾರಿದರೆ, ನೆಟ್ಟಿಗೆ ಏರಿಸಿದರೆ ಅದು ಬೇರೆ ಕಥೆ. ಹೆಸರು ಬರೆದ ಹಾಳೆ ಕೊಡುವುದಕ್ಕೆ ಯಾರಪ್ಪನ ಅಪ್ಪಣೆಯೂ ಬೇಕಿಲ್ಲ. ಆ ಹಾಳೆ ನೋಡಿ ಇಷ್ಟವಾದ ಹಾಡುಗಾರರ ಕಛೇರಿಗೆ ಟಿಕೆಟ್ ತಗೊಂಡು ಹೋಗಿ.

ಪ್ರಶ್ನೆ: ಅಣ್ಣಾ, 1993ರಲ್ಲಿ ಗೆಳೆಯನೊಬ್ಬ ನನ್ನ ಕೈಯಾರೆ ತುಂಬಿಸಿದ ಕ್ಯಾಸೆಟ್ ತಗೊಂಡು ಹೋದವನು ಇವತ್ತಿನವರೆಗೂ ಕೊಟ್ಟಿಲ್ಲ. ಈಗ ಹೊಸಪೇಟೆಯಲ್ಲಿದ್ದಾನೆ. ಮುಂದಿನ ತಿಂಗಳು ಒಂದು ಮದುವೆಯಲ್ಲಿ ಸಿಗುತ್ತಾನೆ. ಕೇಳಲಾ, ಬಿಡಲಾ? ಹೆಂಡತಿ ನಗುತ್ತಾಳೆ.
— ಜಗಳೂರು

ಉತ್ತರ: ತಮ್ಮಾ, ಈ ಪ್ರಶ್ನೆಗೆ ಉತ್ತರ ಕೊಡುವ ಯೋಗ್ಯತೆ ನನಗಿಲ್ಲ. ಮೇಲೆ ಗಣೆಯ ಕ್ಯಾಸೆಟ್ ಅಂದೆನಲ್ಲ, ಅದು ಅವನು ನನಗೆ ಕೇಳೋಕೆ ಕೊಟ್ಟದ್ದು, ಇಟ್ಟುಕೋ ಅಂತ ಕೊಟ್ಟದ್ದಲ್ಲ. ಕಾಲೇಜು ಮುಗಿಯಿತು, ರೂಮು ಖಾಲಿ ಮಾಡಿದೆವು, ಅದು ನನ್ನ ಟ್ರಂಕಿನಲ್ಲೇ ಉಳಿಯಿತು. ಹೋದ ಬೇಸಿಗೆಯಲ್ಲಿ, ಇಷ್ಟು ವರ್ಷ ಆದ ಮೇಲೆ, ಅದನ್ನೂ ಅದರಿಂದ ಇಳಿಸಿದ ಪೆನ್‌ಡ್ರೈವನ್ನೂ ಜೇಬಿಗೆ ಹಾಕಿಕೊಂಡು ಹಿರಿಯೂರಿಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಲಿ ಅಂತ ಯೋಚನೆ. ಮನೆ ಬಾಗಿಲಲ್ಲೇ ಕ್ಯಾಸೆಟ್ ಕೈಗಿಟ್ಟೆ. ತಿರುಗಿಸಿ ನೋಡಿದ. ಒಳಗಿನ ಕಾಗದದ ಮೇಲೆ ಅವನ ಅಕ್ಷರ ಇನ್ನೂ ಹಾಗೇ ಇತ್ತು, ನೀಲಿ ಶಾಯಿ ಕಂದಾಗಿತ್ತು ಅಷ್ಟೇ. "ಕಳ್ಳ ನನ್ಮಗನೆ, ನಿನ್ನ ಹತ್ರ ಇತ್ತಾ? ಇದಕ್ಕೆ ನಾನು ನಮ್ಮ ಷಡ್ಡಕನ ಜೊತೆ ಜಗಳ ಆಡಿದೀನಲ್ಲೋ!" ಅಂದ.

ಅವನ ಮನೆಯಲ್ಲಿ ಈಗ ಸೆಟ್ಟಿಲ್ಲ. ಜಗಲಿ ಮೇಲೆ ಕೂತು ನನ್ನ ಫೋನಿನಲ್ಲೇ ಕೇಳಿದೆವು. ಗಣೆ ಬಂತು, ಆಡು ಬಂತು, ಕೆಮ್ಮು ಬಂತು, ಕೊನೆಗೆ ಪೀಪಿ ಬಂತು. ಅದರ ಹಿಂದೆ ಒಂದು ಹಾರನ್ನು ಕೇಳುತ್ತದೆ, ನನಗೆ ಅದು ಯಾವಾಗಲೂ ಬರೀ ಹಾರನ್ನೇ. ಅವನು ಬೆರಳೆತ್ತಿ, "ಧರ್ಮಪುರದ ಬಸ್ಸು ಕಣಲೇ, ರಾತ್ರಿ ಎಂಟೂವರೆದು, ಅವತ್ತು ಲೇಟಾಗಿ ಬಂತು" ಅಂದ. ಹೊರಡುವಾಗ ನನ್ನ ಫೋನಿಗೆ ಅವನ ಮಗಳಿಂದ ಹತ್ತು ಹಾಡಿನ ಪಟ್ಟಿ ಕಳಿಸಿದ. ಎರಡು ಸಲ ಕೇಳಿದ್ದೇನೆ. ಇನ್ನೂ ಏನೂ ಹೇಳುವ ಹಾಗಿಲ್ಲ.

ನೀವು ಮದುವೆಯಲ್ಲಿ ಕೇಳಿ. ಆದರೆ ಊಟ ಆದ ಮೇಲೆ ಕೇಳಿ, ಪಕ್ಕದಲ್ಲಿ ಅವನ ಹೆಂಡತಿ ಇಲ್ಲದಾಗ. ಹೋಗುವಾಗ ಜೇಬಿನಲ್ಲಿ ಹೊಸದೊಂದು ಪಟ್ಟಿಯೂ ಇರಲಿ, ಕ್ಯಾಸೆಟ್ ಎಲ್ಲಿಟ್ಟಿದ್ದೀನೋ ಮಾರಾಯ ಅಂತ ಅವನು ತಲೆ ಕೆರೆದುಕೊಂಡರೆ ಕೈಗೆ ಕೊಡೋಕೆ.